ಷರಾ: ಚೆಂಡು ಕೇಳುವುದಿಲ್ಲ

ಲೆತ್‌ಬ್ರಿಜ್
೧೯ ಅಕ್ಟೋಬರ್ ೨೦೧೪

ಅಪ್ಪಾ,

ನಮ್ಮ ವಿಶ್ವವಿದ್ಯಾಲಯದ ಹಳೆಯ ಕ್ರೀಡಾ ಕಚೇರಿಯನ್ನು ಕೆಡವುತ್ತಿದ್ದಾರೆ. ಅಲ್ಲಿದ್ದ ಕಡತಗಳನ್ನು ಆಯಾ ಆಟಗಾರರಿಗೇ ಅಂಚೆಯಲ್ಲಿ ಕಳಿಸುತ್ತಿದ್ದಾರೆ. ನನ್ನದು ಮೊನ್ನೆ ಬಂತು.

ಅದರಲ್ಲಿ ೨೦೦೫ರ ನನ್ನ ಫುಟ್‌ಬಾಲ್ ಮಾಹಿತಿ ಹಾಳೆ ಇದೆ. ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮುಂಚೆ ಎಲ್ಲ ವೃತ್ತಿಪರ ತಂಡಗಳಿಗೂ ಪ್ರತಿ ಹೋಗಿತ್ತಲ್ಲ, ಅದರ ಮೂಲ. ‘ಆಡುವ ಜಾಗ’ ಎನ್ನುವಲ್ಲಿ ‘ರನ್ನಿಂಗ್ ಬ್ಯಾಕ್’, ಅಂದರೆ ಓಟಗಾರ, ಎಂದು ಟೈಪ್ ಆಗಿದೆ. ಅದಕ್ಕೆ ಗೀಟು ಎಳೆದು ನೀಲಿ ಶಾಯಿಯಲ್ಲಿ ‘ಫುಲ್‌ಬ್ಯಾಕ್’ ಎಂದು ಬರೆದಿದೆ. ಕೆಳಗೆ ಷರಾ: ‘ಸಂತೋಷದಿಂದ ದಾರಿ ಬಿಡಿಸುತ್ತಾನೆ. ಚೆಂಡು ಕೇಳುವುದಿಲ್ಲ.’ ಆಗ ನೀನು ಅಲ್ಲಿ ಸಹಾಯಕ ಕೋಚ್. ಅಕ್ಷರ ನಿನ್ನದು.

ಆರು ವರ್ಷ ನಾನು ಫುಲ್‌ಬ್ಯಾಕ್ ಆಗಿ, ಚೆಂಡು ಹೊತ್ತ ಅಮೆರಿಕದ ಓಟಗಾರರ ಮುಂದೆ ಓಡಿದೆ. ಅಡ್ಡ ಬಂದವರಿಗೆ ಮೈ ಕೊಟ್ಟು ಕೆಡವಿ ಅವರಿಗೆ ದಾರಿ ಮಾಡಿಕೊಟ್ಟೆ. ಏಳನೇ ವರ್ಷ ಒಬ್ಬನ ಕಾಲು ಮುರಿದಾಗ ಚೆಂಡು ನನ್ನ ಕೈಗೆ ಬಂತು. ಎರಡು ವರ್ಷ ಓಡಿದೆ. ಅಷ್ಟರಲ್ಲಿ ಮೊಣಕಾಲು ಮುಗಿದುಹೋಗಿತ್ತು. ನನ್ನನ್ನು ಫುಲ್‌ಬ್ಯಾಕ್ ಮಾಡಿದ್ದು ತಂಡದವರು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ.

ಒಂದೇ ಪ್ರಶ್ನೆ. ಆ ಹಾಳೆ ತುಂಬುವಾಗ, ನನಗೆ ಓಡಲು ಬರುವುದಿಲ್ಲ ಎಂದು ನೀನು ನಿಜವಾಗಿ ನಂಬಿದ್ದೆಯಾ?

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಹವಾಮಾನ ಮಾತಾಡುತ್ತೀಯ. ಬರೆ.

ದಾನಿಲೊ


ಯಾರ್ಕ್‌ಟನ್
೩೦ ಅಕ್ಟೋಬರ್ ೨೦೧೪

ಮಗನೇ ದಾನಿಲೊ,

ನಿನ್ನ ಕಾಗದ ಬಂದು ವಾರವಾಯಿತು. ಅಡಿಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಮೂರು ಹೊತ್ತೂ ಅದರ ಎದುರು ಕೂತೇ ತಿನ್ನುತ್ತೇನೆ. ಹವಾಮಾನ ಬೇಡ ಅಂದಿದ್ದೀಯ, ಹಾಗಾಗಿ ಇವತ್ತು ಬೆಳಿಗ್ಗೆ ಆಕಾಶದಿಂದ ಏನು ಬಿತ್ತು ಅಂತ ಬರೆಯುವುದಿಲ್ಲ. ಚಳಿಗೆ ಹೆಪ್ಪುಗಟ್ಟದಂತೆ ಕಾರಿನ ಎಂಜಿನ್ನಿಗೆ ರಾತ್ರಿಯೆಲ್ಲ ಕರೆಂಟಿನ ವೈರು ಚುಚ್ಚಿಡುವ ಕಾಲ ಬಂತು ಅಂತ ಮಾತ್ರ ತಿಳಿದುಕೊ.

ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರಿದ್ದರು. ಮನೆಯಲ್ಲಿ ಉಕ್ರೇನಿಯನ್ ಬಿಟ್ಟರೆ ಬೇರೆ ಮಾತೇ ಇಲ್ಲದ ನಮ್ಮಂಥವರನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ಹೇಳಬೇಕಾದ್ದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಬೇಕು ಅನ್ನುತ್ತಿದ್ದರು. ಆಮೇಲೆ ಮೂರು ಆಧಾರ ಕೊಡಬೇಕು. ಕೊನೆಯಲ್ಲಿ ಇನ್ನೇನೋ ಮಾಡಬೇಕಿತ್ತು, ಅದು ಮರೆತಿದೆ. ನನ್ನ ಪ್ರಬಂಧದ ಮೇಲೆ ಕೆಂಪಿನಲ್ಲಿ ‘ಅಲೆಯುತ್ತಾನೆ’ ಅಂತ ಬರೆದದ್ದು ಮಾತ್ರ ಮರೆತಿಲ್ಲ. ನೋಡು, ಮೊದಲ ಪ್ಯಾರಾ ಆಗಲೇ ದಾಟಿಹೋಯಿತು.

ಆಗಿನ ಕಾಲ ನಿನಗೂ ಗೊತ್ತು. ಪ್ರತಿ ತಂಡದಲ್ಲೂ ಇಂತಿಷ್ಟು ಜನ ಈ ದೇಶದವರಿರಲೇಬೇಕು ಅನ್ನುವ ನಿಯಮ. ಅದಿಲ್ಲದಿದ್ದರೆ ನಮ್ಮವರಲ್ಲಿ ಅರ್ಧ ಜನಕ್ಕೆ ಕೆಲಸವೇ ಇರುತ್ತಿರಲಿಲ್ಲ. ಆದರೆ ನಿಯಮಕ್ಕಾಗಿ ಇಟ್ಟುಕೊಂಡವರನ್ನು ಎಲ್ಲಿ ನಿಲ್ಲಿಸುತ್ತಿದ್ದರು? ಕಣ್ಣಿಗೆ ಬೀಳದ ಕಡೆ. ಮುಂದಿನ ಸಾಲಿನಲ್ಲಿ ತಳ್ಳುವುದಕ್ಕೆ, ಒದ್ದ ಚೆಂಡಿನ ಹಿಂದೆ ಓಡುವುದಕ್ಕೆ, ದಾರಿ ಬಿಡಿಸುವುದಕ್ಕೆ. ಚೆಂಡು ಹೊತ್ತು ಓಡುವ ಕೆಲಸ ಅಮೆರಿಕದವನಿಗೆ. ಎಲ್ಲೋ ಒಬ್ಬಿಬ್ಬರನ್ನು ಬಿಟ್ಟರೆ, ಓಟಗಾರ ಅಂತ ಬರೆದುಕೊಂಡು ಹೋದ ನಮ್ಮ ಹುಡುಗರು ಮೊದಲ ಶಿಬಿರ ಮುಗಿಯುವುದರೊಳಗೆ ಬಸ್ಸು ಹತ್ತಿ ಮನೆಗೆ ಬಂದಿರುತ್ತಿದ್ದರು. ನಾನು ಕೋಚ್ ಆಗಿದ್ದಾಗಲೇ ಅಂಥ ನಾಲ್ವರನ್ನು ಕಂಡಿದ್ದೇನೆ. ಒಬ್ಬ ಈಗ ಗೊಬ್ಬರ ಮಾರುತ್ತಾನೆ. ನಿನಗೆ ಎಂಟು ವರ್ಷ ಕೆಲಸವಿತ್ತು.

ಇದನ್ನೇ ಉತ್ತರ ಅಂತ ತಿಳಿದುಕೊ. ಮೊಣಕಾಲನ್ನು ಬೆಚ್ಚಗಿಟ್ಟುಕೊ.

ಉಪ್ಪಿನ ಡಬ್ಬಿಯ ಎದುರಿನಿಂದ,
ನಿನ್ನ ಅಪ್ಪ ಮೈರನ್


ಯಾರ್ಕ್‌ಟನ್
೩೦ ನವೆಂಬರ್ ೨೦೧೪

ದಾನಿಲೊ,

ನಿನ್ನಿಂದ ಕಾಗದವಿಲ್ಲ. ಒಂದು ತಿಂಗಳು ಕಾದೆ. ಇವತ್ತು ಕಪ್ ಪಂದ್ಯ. ಟಿವಿ ಹಾಕಿದ್ದೇನೆ, ಧ್ವನಿ ಮುಚ್ಚಿದ್ದೇನೆ. ಈ ವರ್ಷವೂ ಎಲ್ಲರಿಗಿಂತ ಹೆಚ್ಚು ಓಡಿದವನು ನಮ್ಮ ದೇಶದಲ್ಲೇ ಹುಟ್ಟಿ ಬೆಳೆದವನು. ಟಿವಿಯವರು ವಾರವೆಲ್ಲ ಅದನ್ನೇ ಹೇಳಿದ್ದೂ ಹೇಳಿದ್ದೇ. ಕಾಲ ಬದಲಾಯಿತಂತೆ. ನನಗೆ ಖುಷಿಯಾಗಬೇಕಿತ್ತು.

ಗುರುವಾರ ಎಂದಿನಂತೆ ಚರ್ಚಿನ ನೆಲಮಾಳಿಗೆಯಲ್ಲಿ ಪೆರೋಗಿ ಮಾಡುವುದಕ್ಕೆ ಹೋಗಿದ್ದೆ. ಹಿಟ್ಟು ಲಟ್ಟಿಸುವುದು, ಒಳಗೆ ಹೂರಣ ಇಟ್ಟು ಅಂಚು ಹಿಸುಕುವುದು ಹೆಂಗಸರ ಪಾಲು. ನನಗೆ ಬೆಂದ ಆಲೂಗಡ್ಡೆ ಜಜ್ಜುವ ಕೆಲಸ. ಮೊನ್ನೆ ಸುಮ್ಮನೆ ಒಂದನ್ನು ಹಿಸುಕಿ ನೋಡೋಣ ಅಂತ ಕೈ ಹಾಕಿದೆ. ಪಕ್ಕದಲ್ಲಿ ಹಿಸುಕುತ್ತಿದ್ದ ಕತ್ರುಸ್ಯಾ ನನ್ನ ಮಣಿಕಟ್ಟಿಗೆ ಹಿಟ್ಟಿನ ಕೈಯಲ್ಲೇ ಒಂದು ಕೊಟ್ಟಳು.

“ಏಯ್ ಕೋಚಪ್ಪ, ಬಿಡು ಅದನ್ನ! ನೀನು ಮುಚ್ಚಿದ್ದು ಬಿಸಿನೀರಿಗೆ ಬಿದ್ದ ತಕ್ಷಣ ಬಾಯಿ ಬಿಡುತ್ತೆ. ನಿಂದು ಆಲೂಗಡ್ಡೆ, ಅಷ್ಟೆ.”

“ನಲವತ್ತು ವರ್ಷದಿಂದ ನಂದು ಆಲೂಗಡ್ಡೆನೇ ಕಣಮ್ಮ,” ಅಂದೆ. ಎಲ್ಲರೂ ನಕ್ಕರು.

ನಗು ನಿಂತ ಮೇಲೆ ಅವಳೇ ಕೇಳಿದಳು: “ಅಲ್ವೋ, ನಿನ್ನ ಮಗ ಆ ಎರಡು ವರ್ಷ ಎಷ್ಟು ಚೆನ್ನಾಗಿ ಓಡ್ದ! ಮೊದಲೇ ಯಾಕೆ ಅವನ ಕೈಗೆ ಚೆಂಡು ಕೊಡ್ಲಿಲ್ಲ ಆ ಮುಂಡೇವು?”

“ತಂಡದವರ ಮನಸ್ಸು, ಯಾರಿಗೆ ಗೊತ್ತು,” ಅಂತ ಹೇಳಿ ಆಲೂಗಡ್ಡೆ ಜಜ್ಜಿದೆ. ನಿನ್ನ ಕಾಗದ ಬಂದ ಮೇಲೂ ಹಾಗೇ ಹೇಳಿದೆ. ನಿನಗೆ ತಿಳಿದಿರಲಿ ಅಂತ ಬರೆದೆ.

ನನ್ನ ಕಥೆ ನೀನು ಕೇಳಿಲ್ಲ ಅಂತ ಕಾಣುತ್ತದೆ. ಕೇಳಿದ್ದರೂ ತಮಾಷೆಯಾಗಿ ಕೇಳಿದ್ದೀಯ. ಎಪ್ಪತ್ತೆರಡರಲ್ಲಿ ನಾನೂ ಓಟಗಾರನಾಗಿಯೇ ಶಿಬಿರಕ್ಕೆ ಹೋದದ್ದು. ಮೊದಲ ದಿನ ಕೋಚ್ ಹಾಳೆ ನೋಡಿಕೊಂಡು ಕೇಳಿದ: “ಕೊಸ್ತಿಯುಕ್, ಯಾವೂರು?”

“ಯಾರ್ಕ್‌ಟನ್, ಸರ್.”

“ಹಾಗಾದ್ರೆ ಫುಲ್‌ಬ್ಯಾಕ್. ಆ ಕಡೆ ಹೋಗಿ ನಿಂತ್ಕೊ.”

ನಾನು ಒಂದು ಹೆಜ್ಜೆ ಓಡಿದ್ದನ್ನೂ ಅವನು ನೋಡಿರಲಿಲ್ಲ. ಅಲ್ಲಿಂದ ಒಂಬತ್ತು ವರ್ಷ ಅಮೆರಿಕದ ಜಾರ್ಜಿಯಾದಿಂದ ಬಂದ ಕ್ಲಾರೆನ್ಸ್ ಟಿಬ್ಸ್‌ನ ಮುಂದೆ ಓಡಿದೆ. ಅವನ ಅಂಗೈ ನನ್ನ ಬೆನ್ನಿನ ಮೇಲಿರುತ್ತಿತ್ತು. ಎಡಕ್ಕೆ ಒತ್ತಿದರೆ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ. ಒಳ್ಳೆಯ ಮನುಷ್ಯ. ನಿನ್ನಮ್ಮ ಮಾಡಿದ ಎಲೆಕೋಸಿನ ಸುರುಳಿ ಹದಿನಾಲ್ಕು ತಿಂದಿದ್ದ ಒಂದು ಭಾನುವಾರ. ಆ ಒಂಬತ್ತು ವರ್ಷದಲ್ಲಿ ಚೆಂಡು ನನ್ನ ಕೈಗೆ ಬಂದದ್ದು ಹನ್ನೊಂದು ಸಲ.

ಇದನ್ನು ಯಾಕೆ ಬರೆದೆ ಅಂತ ಈಗ ಹೊಳೆಯುತ್ತಿಲ್ಲ. ಪಂದ್ಯ ಮುಗಿಯುತ್ತಾ ಬಂತು.

ಆಲೂಗಡ್ಡೆಯ ಕೈಯಿಂದಲೇ,
ಅಪ್ಪ


ಲೆತ್‌ಬ್ರಿಜ್
೧೪ ಡಿಸೆಂಬರ್ ೨೦೧೪

ಅಪ್ಪಾ,

ಎರಡು ಕಾಗದ ಬಂದವು. ಒಂದರಲ್ಲಿ ನಿಯಮ, ಒಂದರಲ್ಲಿ ಆಲೂಗಡ್ಡೆ.

ನಿನ್ನ ಕೋಚ್ ನೀನು ಓಡಿದ್ದನ್ನು ನೋಡಿರಲಿಲ್ಲ. ನೀನು ನನ್ನನ್ನು ನೋಡಿದ್ದೆ. ಆರು ವರ್ಷದವನಿದ್ದಾಗಿನಿಂದ ನೋಡಿದ್ದೆ. ಕಾಲ ಹೇಗಿತ್ತು ಎಂದು ನಾನು ಕೇಳಿಲ್ಲ. ನೀನು ಏನು ನಂಬಿದ್ದೆ ಎಂದು ಕೇಳಿದ್ದೇನೆ.

೨೦೧೧ರ ಸೆಪ್ಟೆಂಬರ್ ನೆನಪಿದೆಯಾ? ಮೊದಲ ಸಲ ಚೆಂಡು ಸಿಕ್ಕ ಪಂದ್ಯ. ನೂರ ನಲವತ್ತೇಳು ಯಾರ್ಡ್ ಓಡಿದೆ. ಬಟ್ಟೆ ಬದಲಿಸುವ ಕೋಣೆಯಿಂದಲೇ ನಿನಗೆ ಫೋನ್ ಮಾಡಿದೆ. ಹಿಂದೆ ಎಲ್ಲರೂ ಕೂಗುತ್ತಿದ್ದರು, ನಿನ್ನ ಮಾತು ಕೇಳಲೆಂದು ಇನ್ನೊಂದು ಕಿವಿ ಮುಚ್ಚಿಕೊಂಡೆ. ನೀನು ಹೇಳಿದ್ದು ಇಷ್ಟು: “ಎಡಗೈ ಸಡಿಲ ಬಿಡ್ತೀಯ. ಚೆಂಡು ಬಿದ್ದೋಗುತ್ತೆ ನೋಡ್ಕೊ.”

ಅಮ್ಮ ಹೋಗಿ ಆಗ ಆರು ತಿಂಗಳು. ವೃತ್ತಿಪರ ಆಟದಲ್ಲಿ ನಾನು ಚೆಂಡು ಹೊತ್ತದ್ದನ್ನು ಅವಳು ಒಮ್ಮೆಯೂ ನೋಡಲಿಲ್ಲ. ಅವಳಿಗೆ ಆ ಹಾಳೆಯ ವಿಷಯ ಗೊತ್ತಿತ್ತಾ?

ಈಗ ಪ್ರಶ್ನೆ ಎರಡಾದವು. ಎರಡನೆಯದಕ್ಕಾದರೂ ನೇರವಾಗಿ ಹೇಳು.

ದಾನಿಲೊ


ಯಾರ್ಕ್‌ಟನ್
೧೧ ಜನವರಿ ೨೦೧೫

ದಾನಿಲೊ,

ಗೊತ್ತಿತ್ತು.

ಮೊದಲ ಪ್ಯಾರಾದಲ್ಲೇ ಹೇಳಿದ್ದೇನೆ. ಮೇಷ್ಟ್ರು ಇದ್ದಿದ್ದರೆ ಮೆಚ್ಚುತ್ತಿದ್ದರು.

ನಮ್ಮ ಜನವರಿಯ ಕ್ರಿಸ್‌ಮಸ್ ಕಳೆಯಿತು. ಹನ್ನೆರಡು ಬಗೆ ಅಡಿಗೆ ಮಾಡಬೇಕಾದಲ್ಲಿ ಐದು ಮಾಡಿದೆ, ಅದರಲ್ಲೂ ಎರಡು ಕತ್ರುಸ್ಯಾ ಕೊಟ್ಟದ್ದು. ಸತ್ತವರಿಗೆ ಅಂತ ಒಂದು ತಟ್ಟೆ ಇಡುತ್ತೇವಲ್ಲ, ನಿನ್ನಮ್ಮ ಲೆಸ್ಯಾಳದ್ದು ಇಟ್ಟೆ. ಇಟ್ಟು ಕೂತರೆ ಅವಳು ಎದುರಿಗೆ ಕೂತು ‘ಬರೀತೀಯೋ ಇಲ್ವೋ’ ಅನ್ನುವ ಹಾಗೆ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಆ ಹಾಳೆಯನ್ನು ನಾನು ಮನೆಗೆ ತಂದಿದ್ದೆ. ಶನಿವಾರ ಬೆಳಿಗ್ಗೆ. ಅವಳು ಸಾರಿಗೆ ಬೀಟ್‌ರೂಟ್ ಹೆಚ್ಚುತ್ತಿದ್ದಳು. ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಗೀಟು ಎಳೆದು ಬರೆದೆ. ಅವಳು ಬಂದು ಬಗ್ಗಿ ಓದಿದಳು.

“ಏನಿದು ಮೈರನ್?”

“ಅವನ ಒಳ್ಳೇದಕ್ಕೇ ಕಣೆ. ಓಟಗಾರ ಅಂತ ಹೋದ್ರೆ ಒಂದು ವಾರ ಇಟ್ಕೊಳಲ್ಲ.”

“ಅವನನ್ನ ಕೇಳಿದ್ಯಾ?”

“ಅವನಿಗೇನು ಗೊತ್ತಾಗುತ್ತೆ. ಇಪ್ಪತ್ತೆರಡು ವರ್ಷ.”

“ಸರಿ, ಫುಲ್‌ಬ್ಯಾಕ್ ಅಂತ ಬರೆದೆ. ಸಂತೋಷದಿಂದ ಅಂತ ಯಾಕೆ ಬರೆದೆ? ಯಾರ ಸಂತೋಷ ಅದು?”

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅವಳು ಸ್ವಲ್ಪ ಹೊತ್ತು ಹಾಳೆಯ ಮೂಲೆ ಹಿಡಿದುಕೊಂಡೇ ನಿಂತಿದ್ದಳು. ಹರಿದುಬಿಡುತ್ತಾಳೆ ಅಂದುಕೊಂಡೆ. ಹರಿದಿದ್ದರೆ ಚೆನ್ನಾಗಿತ್ತು. “ಇದು ನಿನ್ನ ಹಾಳೆಯಲ್ಲ ಮೈರನ್,” ಅಂದು ಮತ್ತೆ ಹೆಚ್ಚುವುದಕ್ಕೆ ಹೋದಳು. ಅವಳು ಬದುಕಿರುವ ತನಕ ನಾವು ಆ ಮಾತು ಮತ್ತೆ ಎತ್ತಲಿಲ್ಲ. ನಿನ್ನ ಪಂದ್ಯ ಟಿವಿಯಲ್ಲಿ ಬಂದಾಗ ಅವಳು ನನ್ನ ಪಕ್ಕ ಕೂರುತ್ತಿರಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ನಿಂತೇ ನೋಡುತ್ತಿದ್ದಳು. ಒಲೆಯ ಮೇಲೆ ಏನೋ ಇದೆ ಅನ್ನುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ.

ಆ ಹಾಳೆಯ ಬಲಗಡೆಯ ಕೆಳಮೂಲೆ ನೋಡು. ಅವಳ ಬೀಟ್‌ರೂಟಿನ ಬೆರಳು ಅಲ್ಲಿರಬೇಕು.

ಮೊದಲನೆಯ ಪ್ರಶ್ನೆಗೆ ಇನ್ನೂ ಸ್ವಲ್ಪ ಸಮಯ ಕೊಡು.

ಐದು ಬಗೆಯೂ ಮುಗಿಯದೆ ಕೂತಿರುವ,
ಅಪ್ಪ


ಲೆತ್‌ಬ್ರಿಜ್
೮ ಮಾರ್ಚ್ ೨೦೧೫

ಅಪ್ಪಾ,

ಮೂಲೆ ನೋಡಿದೆ. ಕಾಫಿಯ ಕಲೆ ಅಂದುಕೊಂಡಿದ್ದೆ.

ಹೊಸ ಕ್ರೀಡಾ ಕಟ್ಟಡದ ಗೋಡೆಯ ಮೇಲೆ ಹಳೆಯ ಆಟಗಾರರ ಹೆಸರಿನ ಫಲಕ ಹಾಕುತ್ತಾರಂತೆ. ಈ ವರ್ಷ ನನ್ನದು. ಜೂನ್ ಹದಿಮೂರಕ್ಕೆ ಊಟ, ಭಾಷಣ. ತುಂಬಿಸಿ ಕಳಿಸಲು ಒಂದು ಹಾಳೆ ಕೊಟ್ಟಿದ್ದಾರೆ. ಹೆಸರು, ಊರು, ವರ್ಷಗಳನ್ನು ನಾನು ಬರೆದಿದ್ದೇನೆ. ‘ಆಡುವ ಜಾಗ’ ಖಾಲಿ ಬಿಟ್ಟಿದ್ದೇನೆ. ಕೆಳಗೆ ಷರಾ ಕೂಡ ಇದೆ, ತರಬೇತುದಾರರು ಬರೆಯಬೇಕಂತೆ.

ಲಗತ್ತಿಸಿದ್ದೇನೆ. ನೀನೇ ತುಂಬು. ಉತ್ತರವಿಲ್ಲದೆ ಹಾಳೆ ಮಾತ್ರ ಕಳಿಸಿದರೆ ಹಾಗೇ ವಾಪಸು ಕಳಿಸುತ್ತೇನೆ.

ದಾನಿಲೊ


ಯಾರ್ಕ್‌ಟನ್
೧೨ ಏಪ್ರಿಲ್ ೨೦೧೫

ದಾನಿಲೊ,

ಇಲ್ಲ. ನಂಬಿರಲಿಲ್ಲ.

ನಿನಗೆ ಓಡಲು ಬರುತ್ತದೆ ಅಂತ ನನಗೆ ಗೊತ್ತಿತ್ತು. ನಾನು ಕಂಡ ಓಟಗಾರರಲ್ಲಿ, ಕ್ಲಾರೆನ್ಸ್‌ನನ್ನೂ ಸೇರಿಸಿ, ಎದುರಾಳಿಗಳ ನಡುವೆ ನಿನ್ನ ಹಾಗೆ ಸಂದು ಹುಡುಕುವವನನ್ನು ನಾನು ಕಂಡಿಲ್ಲ. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ಎಡಗೈ ಸಡಿಲ ಅಂತ ಹೇಳಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ. ಮೊದಲ ಕಾಗದದಲ್ಲಿ ಕಾಲದ ಮೇಲೆ ಹೊರಿಸಿದ್ದೆನಲ್ಲ. ಕಾಲ ಹಾಗಿದ್ದದ್ದು ನಿಜ. ಆದರೆ ಹಾಳೆ ಹೋದ ಎರಡು ವಾರಕ್ಕೆ ನನ್ನ ಕಚೇರಿಗೆ ಒಂದು ಫೋನ್ ಬಂತು. ಪೂರ್ವದ ಕಡೆಯ ಒಂದು ತಂಡಕ್ಕೆ ಆಟಗಾರರನ್ನು ಹುಡುಕಿಕೊಡುವ ಮನುಷ್ಯ. ನಿನ್ನ ಪಂದ್ಯದ ಟೇಪು ನೋಡಿದ್ದನಂತೆ.

“ಮೈರನ್, ಹಾಳೆಯಲ್ಲಿ ಏನೋ ತಪ್ಪಾಗಿದೆಯಲ್ಲಪ್ಪ. ಟೇಪಲ್ಲಿ ಹುಡುಗ ಓಡ್ತಾ ಇದಾನೆ, ನೀನು ದಾರಿ ಬಿಡಿಸ್ತಾನೆ ಅಂತಿದೀಯ.”

“ತಪ್ಪಿಲ್ಲ,” ಅಂದೆ.

“ನಮ್ಮ ಹೊಸ ಕೋಚ್‌ಗೆ ಒಂದು ಹುಚ್ಚು ಹಿಡಿದಿದೆ. ಇಲ್ಲಿನ ಹುಡುಗನ ಕೈಗೇ ಚೆಂಡು ಕೊಟ್ಟು ನೋಡ್ಬೇಕಂತೆ. ಅದು ವರ್ಕ್ ಆದ್ರೆ ಇನ್ನೊಂದು ಜಾಗಕ್ಕೆ ಅಮೆರಿಕದವನನ್ನ ತರಬಹುದು ಅಂತ. ನಿನ್ನ ಮಗನ್ನ ಅದಕ್ಕೇ ಕೇಳ್ತಿರೋದು. ಹ್ಞೂಂ ಅನ್ನು, ನಾನು ಬರೆದುಕೊಳ್ತೀನಿ.”

ನಾನು ಹೇಳಿದ್ದು: “ನಮ್ಮ ಹುಡುಗರಿಗೆ ಆ ಕೆಲಸ ಆಗಲ್ಲ ಬಿಡಿ.”

ಅವನು ನಕ್ಕ. “ನೀನೇ ಹೀಗಂದ್ರೆ ಸರಿ ಹಾಗಾದ್ರೆ,” ಅಂದ. ಫೋನ್ ಇಟ್ಟ. ಆಮೇಲೆ ಬೇರೆ ತಂಡ ನಿನ್ನನ್ನು ಫುಲ್‌ಬ್ಯಾಕ್ ಅಂತ ತೆಗೆದುಕೊಂಡಿತು. ಈ ಫೋನಿನ ವಿಷಯ ಲೆಸ್ಯಾಗೂ ಗೊತ್ತಿರಲಿಲ್ಲ.

ಯಾಕೆ ಅಂತ ಕೇಳುತ್ತೀಯ. ಮೂರು ಆಧಾರ ಇಲ್ಲ, ಒಂದೇ ಇದೆ. ನಿನ್ನ ಕೊನೆಯ ಕಾಲೇಜು ಪಂದ್ಯ. ನೀನು ಇನ್ನೂರ ಹನ್ನೆರಡು ಯಾರ್ಡ್ ಓಡಿದ ದಿನ. ನಾನು ಮೈದಾನದ ಅಂಚಿನಲ್ಲಿ ನಿಂತಿದ್ದೆ. ನನ್ನ ಕಾಲದ ಹಳಬರು ನಾಲ್ಕೈದು ಜನ ಬೇಲಿಗೆ ಒರಗಿಕೊಂಡಿದ್ದರು. ನೀನು ಮೂರನೇ ಸಲ ಕೊನೆಯ ಗೆರೆ ದಾಟಿ ಅಂಕ ಗಳಿಸಿದಾಗ ಒಬ್ಬ ಕೂಗಿದ: “ಲೋ ಮೈರನ್, ಥೇಟ್ ಕ್ಲಾರೆನ್ಸ್ ಕಣೋ! ಕ್ಲಾರೆನ್ಸೇ ಬಂದು ಹೇಳಿಕೊಟ್ಟನೇನೋ?” ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

ನಿನ್ನ ಹಾಗೇ ಓಡ್ತಾನೆ ಅಂತ ಒಬ್ಬನೂ ಅನ್ನಲಿಲ್ಲ. ಹೇಗೆ ಅನ್ನುತ್ತಾರೆ? ನಾನು ಹಾಗೆ ಓಡಿದ್ದನ್ನು ಅವರು ಯಾರೂ ನೋಡಿರಲಿಲ್ಲ. ಆ ಸಂದು ಹುಡುಕುವುದು, ಆ ಭುಜ ತಗ್ಗಿಸುವುದು ನನ್ನದು ದಾನಿಲೊ. ಯಾರ್ಕ್‌ಟನ್ನಿನಲ್ಲಿ ಹದಿನೇಳನೇ ವಯಸ್ಸಿನಲ್ಲಿ ನಾನು ಹಾಗೇ ಓಡುತ್ತಿದ್ದೆ. ಅದು ನಿನ್ನ ಮೈಯಲ್ಲಿ ಕುಣಿಯುತ್ತಿತ್ತು, ಕ್ಲಾರೆನ್ಸ್‌ನ ಹೆಸರು ಹೊತ್ತುಕೊಂಡು. ೨೦೦೫ರ ಮಾರ್ಚಿನಲ್ಲಿ ಆ ಹಾಳೆಗೆ ಪೆನ್ನು ಹಿಡಿದಾಗ ನನ್ನ ಕಿವಿಯಲ್ಲಿದ್ದದ್ದು ಆ ನಗು. ನಿನಗೆ ಕೆಲಸ ಸಿಗಲಿ ಅನ್ನುವುದೂ ಇತ್ತು. ಎಷ್ಟು ಪಾಲು ಅದು, ಎಷ್ಟು ಪಾಲು ಇದು ಅಂತ ಕೇಳಬೇಡ. ಫೋನ್ ಬಂದಾಗ ಇದೇ ಹೆಚ್ಚಿತ್ತು.

ಇವತ್ತು ನಮ್ಮ ಈಸ್ಟರ್. ಬುಟ್ಟಿ ಹಿಡಿದು ಚರ್ಚಿಗೆ ಹೋಗಬೇಕು. ಹಾಳೆ ತುಂಬಿದ್ದೇನೆ. ಜಾಗ: ರನ್ನಿಂಗ್ ಬ್ಯಾಕ್. ಷರಾ: ‘ನಾನು ನೋಡಿದವರಲ್ಲಿ ಎಲ್ಲರಿಗಿಂತ ಒಳ್ಳೆಯ ಓಟಗಾರ.’ ಶಾಯಿ ನೀಲಿಯೇ. ಮನೆಯಲ್ಲಿ ಬೇರೆ ಇರಲಿಲ್ಲ.

ಜೂನ್ ಹದಿಮೂರಕ್ಕೆ ನಾನು ಬರಬಹುದೇ? ಹಿಂದೆ ಎಲ್ಲಾದರೂ ಕೂರುತ್ತೇನೆ.

ಮೈರನ್


ಲೆತ್‌ಬ್ರಿಜ್
೧೦ ಮೇ ೨೦೧೫

ಅಪ್ಪಾ,

ಕಾಗದ ಬಂತು. ಮೂರು ಸಲ ಓದಿದೆ. ಉತ್ತರ ಸಿಕ್ಕಿತು.

ಹಾಳೆಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದೇನೆ, ಆದರೆ ತಿದ್ದಿ. ನೀನು ಬರೆದ ‘ರನ್ನಿಂಗ್ ಬ್ಯಾಕ್’ಗೆ ಗೀಟು ಎಳೆದು ‘ಫುಲ್‌ಬ್ಯಾಕ್’ ಎಂದು ಬರೆದೆ. ಫಲಕದ ಮೇಲೆ ಅದೇ ಇರಲಿ. ಆರು ವರ್ಷ ನಾನು ಮಾಡಿದ ಕೆಲಸ ಅದು. ಚೆನ್ನಾಗಿಯೂ ಮಾಡಿದೆ. ಈಗ ಚೆಂಡು ಹೊತ್ತು ಗೆಲ್ಲುತ್ತಿರುವ ನಮ್ಮ ದೇಶದ ಹುಡುಗರ ಮುಂದೆ ನಿಂತು ಎರಡು ವರ್ಷದ ಓಟ ತೋರಿಸಿ ನಾನೂ ನಿಮ್ಮವನೇ ಎನ್ನುವ ಆಸೆ ನನಗಿಲ್ಲ.

ನಿನ್ನ ಷರಾವನ್ನೂ ಹೊಡೆದು ಹಾಕಿದೆ. ಅದನ್ನು ಹೇಳಬೇಕಾಗಿದ್ದದ್ದು ಫೋನ್ ಮಾಡಿದ ಆ ಮನುಷ್ಯನಿಗೆ.

ಜೂನ್ ಹದಿಮೂರಕ್ಕೆ ಬರಬೇಡ. ಗೋಡೆ ಅಲ್ಲೇ ಇರುತ್ತದೆ. ಇನ್ನೊಂದು ದಿನ ಒಬ್ಬನೇ ಹೋಗಿ ನೋಡು.

ಹಳೆಯ ಹಾಳೆ ನನ್ನ ಬಳಿಯೇ ಇರುತ್ತದೆ, ಅಮ್ಮನ ಬೆರಳಿದೆ. ಅದರಲ್ಲೂ ಒಂದು ತಪ್ಪು ಉಳಿದಿದೆ. ಚೆಂಡು ಕೇಳುವುದಿಲ್ಲ ಎಂದು ಬರೆದಿದ್ದೀಯ. ಕೇಳುತ್ತಿದ್ದೆ ಅಪ್ಪಾ. ಆರು ವರ್ಷ, ಪ್ರತಿ ಸೋಮವಾರ, ತಂಡದ ಕೋಚ್‌ನ ಬಾಗಿಲು ತಟ್ಟಿ ಕೇಳುತ್ತಿದ್ದೆ. ಅವನು ಪ್ರತಿ ಸಲ ನಗುತ್ತಿದ್ದ. “ಏನಯ್ಯಾ ಇದು, ನೀನು ಕೇಳೋನಲ್ಲ ಅಂತ ಹೇಳಿದ್ರಲ್ಲ!” ಎನ್ನುತ್ತಿದ್ದ. ಯಾರು ಹೇಳಿದರು ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ದಾನಿಲೊ ಕೊಸ್ತಿಯುಕ್